ರಂಧ್ರ ಮೊದಲೋ, ಹರಳು ಮೊದಲೋ: ಕರಗಿಹೋಗುವ ಪಾಲಿಮರ್ ಫೋಮ್‌ನಲ್ಲಿ ಹರಳಿನ ದೋಷ ಹುಡುಕುವ ಬಗೆ

ಅಚ್ಚಿನಿಂದ ತೆಗೆದ ತುಂಡನ್ನು ಬೆರಳಲ್ಲಿ ಒತ್ತಿದಿರಿ. ಸ್ವಲ್ಪ ಮಣಿಯಬೇಕಿತ್ತು, ಚಟ್ ಅಂತ ಮುರಿಯಿತು. ಅಥವಾ ನಿನ್ನೆ 10 ಮಿಲಿಮೀಟರ್ ಇದ್ದದ್ದು ಇವತ್ತು 8ಕ್ಕೆ ಕುಗ್ಗಿದೆ. ಅಥವಾ ಮೇಲೆಲ್ಲಾ ಚೆನ್ನಾಗಿದೆ, ಕೊಯ್ದು ನೋಡಿದರೆ ನಡುಭಾಗ ಸುಣ್ಣದ ಹಾಗೆ ಬೆಳ್ಳಗಿದೆ. ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್), ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್), ಪಿಎಚ್‌ಬಿ (ಪಾಲಿಹೈಡ್ರಾಕ್ಸಿಬ್ಯುಟಿರೇಟ್) ತರಹದ, ಕಾಲಕ್ರಮದಲ್ಲಿ ತಾವಾಗಿಯೇ ಒಡೆದು ಕರಗಿಹೋಗುವ ಪಾಲಿಮರ್‌ಗಳಿಂದ ರಂಧ್ರ ತುಂಬಿದ ವಸ್ತು ಮಾಡುವವರು ಇದನ್ನೆಲ್ಲ ಒಂದಲ್ಲ ಒಂದು ದಿನ ನೋಡಿರುತ್ತಾರೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಪಾಕ ಬದಲಿಸುವುದು. ದ್ರಾವಣ ಸ್ವಲ್ಪ ಗಟ್ಟಿ ಮಾಡೋಣ, ತಣಿಸುವ ವೇಗ ಜಾಸ್ತಿ ಮಾಡೋಣ, ಹರಳು ಬೇಗ ಕಟ್ಟಲು ಟಾಲ್ಕ್ ಪುಡಿ ಹಾಕೋಣ ಅಂತ. ದಯವಿಟ್ಟು ಅದಕ್ಕೆ ಒಂದು ದಿನ ತಡೆಯಿರಿ.

ಪಾಲಿಮರ್‌ನ ಉದ್ದುದ್ದ ಸರಪಳಿ ಅಣುಗಳು ಸಾಲಾಗಿ ಜೋಡಿಕೊಂಡ ಭಾಗವೇ ಹರಳು, ಹಾಗೆ ಜೋಡಿಕೊಳ್ಳದೆ ಉಳಿದದ್ದು ಅಮಾರ್ಫಸ್ ಭಾಗ. ಗಟ್ಟಿ ಹಾಳೆಯಲ್ಲಿ ಹರಳು ಹೆಚ್ಚು ಕಡಿಮೆಯಾದರೆ ಗಡಸುತನ ಬದಲಾಗುತ್ತದೆ, ಆಕಾರ ಅಷ್ಟಾಗಿ ಕೆಡುವುದಿಲ್ಲ. ರಂಧ್ರ ಇರುವ ವಸ್ತುವಿನಲ್ಲಿ ಹಾಗಲ್ಲ. ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ರಂಧ್ರ ಮೂಡುತ್ತಿದೆ, ಇನ್ನೊಂದು ಕಡೆ ಗೋಡೆಯೊಳಗೆ ಹರಳು ಕಟ್ಟುತ್ತಿದೆ. ಹರಳು ಮೊದಲು ಬಂದರೆ ಗೋಡೆ ಬೇಗ ಬಿಗಿದುಕೊಂಡು ರಂಧ್ರ ಪೂರ್ತಿ ಬೆಳೆಯುವುದಿಲ್ಲ. ರಂಧ್ರ ಮೊದಲು ಬಂದು ಹರಳು ತಡವಾದರೆ, ಮೆತ್ತಗಿರುವ ಗೋಡೆ ಕುಸಿಯುತ್ತದೆ. ನಾನು ನೋಡಿದ ಹೆಚ್ಚಿನ ದೋಷಗಳು ಕೊನೆಗೆ ಬಂದು ನಿಂತದ್ದು ಇದೇ ಪ್ರಶ್ನೆಯ ಹತ್ತಿರ: ಯಾವುದು ಮೊದಲು ಬಂತು?

ಅದು ನಿಜವಾಗಿ ಪಾಲಿಮರ್ ಹರಳೇನಾ?

ಕೇಳಲು ಸಣ್ಣ ಪ್ರಶ್ನೆ. ಆದರೆ ಇದನ್ನು ಬಿಟ್ಟು ಮುಂದೆ ಹೋದದ್ದಕ್ಕೆ ನಾನು ಎರಡು ವಾರ ಕಳೆದುಕೊಂಡಿದ್ದೇನೆ. ಪಾಲಿಮರ್‌ಗೆ ಉಪ್ಪಿನ ಕಾಳು ಬೆರೆಸಿ, ಆಮೇಲೆ ನೀರಿನಲ್ಲಿ ಆ ಉಪ್ಪು ಕರಗಿಸಿ ರಂಧ್ರ ಮಾಡಿದ ಪಿಎಲ್‌ಎಲ್‌ಎ ತುಂಡುಗಳು. (ಪಿಎಲ್‌ಎಯ ಘಟಕಕ್ಕೆ ಎಲ್, ಡಿ ಅಂತ ಕನ್ನಡಿಯ ಬಿಂಬದಂಥ ಎರಡು ರೂಪಗಳಿವೆ; ಎಲ್ ಮಾತ್ರ ಇರುವುದು ಪಿಎಲ್‌ಎಲ್‌ಎ.) ಕೊಯ್ದ ಮುಖದಲ್ಲಿ ಮಿನುಗುವ ಚುಕ್ಕೆಗಳು ಕಾಣುತ್ತಿದ್ದವು. ಹರಳು ಜಾಸ್ತಿಯಾಗಿದೆ ಅಂದುಕೊಂಡು ತಣಿಸುವ ವೇಗವನ್ನು ಮೂರು ಸಲ ಬದಲಿಸಿದೆ. ಚುಕ್ಕೆ ಹೋಗಲಿಲ್ಲ. ಕೊನೆಗೆ ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಯಾವ ಕೋನದಲ್ಲಿ ಚದುರುತ್ತದೆ ಅಂತ ನೋಡಿ ಹರಳನ್ನು ಗುರುತಿಸುವ ಪರೀಕ್ಷೆ) ಮಾಡಿಸಿದರೆ ಅದು ಉಪ್ಪು. ಪಕ್ಕದ ರಂಧ್ರಕ್ಕೆ ದಾರಿಯೇ ಇಲ್ಲದ ರಂಧ್ರಗಳಲ್ಲಿ ಉಪ್ಪು ಹಾಗೇ ಕೂತಿತ್ತು. ನೀರು ಅಲ್ಲಿಗೆ ತಲುಪಿಯೇ ಇರಲಿಲ್ಲ.

ಆದ್ದರಿಂದ ಎಕ್ಸ್‌ಆರ್‌ಡಿ ಚಿತ್ರದಲ್ಲಿ ಎಲ್ಲಿ ಏನು ಬರುತ್ತದೆ ಅನ್ನುವುದನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ. ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಪಿಎಲ್‌ಎಲ್‌ಎ ಹರಳಿನ ದೊಡ್ಡ ಶಿಖರ ಎರಡು ಥೀಟಾ (ಕಿರಣ ಚದುರಿದ ಕೋನ) 16.7 ಡಿಗ್ರಿ ಸುಮಾರಿಗೆ ಬರುತ್ತದೆ, ಅದರ ಜೊತೆಯದು 19.1ರ ಹತ್ತಿರ. ಪಿಸಿಎಲ್‌ಗೆ 21.4 ಮತ್ತು 23.7. ಅಡುಗೆ ಉಪ್ಪಿಗೆ 31.7 ಮತ್ತು 45.5. ಎಲ್ ಮತ್ತು ಡಿ ಸರಪಳಿಗಳು ಜೋಡಿಯಾಗಿ ಕಟ್ಟುವ ಸ್ಟೀರಿಯೋಕಾಂಪ್ಲೆಕ್ಸ್ ಹರಳಿಗೆ 12, 21 ಮತ್ತು 24ರ ಆಸುಪಾಸು. ಸ್ಟೀರಿಯೋಕಾಂಪ್ಲೆಕ್ಸ್‌ನ 21, 24 ಪಿಸಿಎಲ್ ಶಿಖರಗಳಿಗೆ ತೀರಾ ಹತ್ತಿರ, ಅಲ್ಲಿ 12ರ ಶಿಖರ ನೋಡಿ ಬಿಡಿಸಬೇಕು; ಉಳಿದವು ಒಂದರ ಮೇಲೊಂದು ಬೀಳುವುದಿಲ್ಲ. ಹೆಚ್ಚಿನ ಸಲ ಒಂದೇ ನೋಟಕ್ಕೆ ಯಾರು ಯಾರು ಇದ್ದಾರೆ ಅಂತ ತಿಳಿಯುತ್ತದೆ.

ಎಕ್ಸ್‌ಆರ್‌ಡಿ ಕೈಗೆಟುಕದಿದ್ದರೆ ಪೋಲರೈಸಿಂಗ್ ಮೈಕ್ರೋಸ್ಕೋಪ್ ಸಾಕು. ಅಡುಗೆ ಉಪ್ಪಿನ ಹರಳು ಘನಾಕಾರದ್ದು. ಅಡ್ಡ ಹಾಕಿದ ಎರಡು ಪೋಲರೈಸರ್‌ಗಳ ನಡುವೆ ಅದು ಕತ್ತಲಾಗಿಯೇ ಉಳಿಯುತ್ತದೆ. ಪಾಲಿಮರ್ ಹರಳು ಹೊಳೆಯುತ್ತದೆ, ದೊಡ್ಡದಿದ್ದರೆ ಅದರ ಮೇಲೆ ಶಿಲುಬೆಯ ಆಕಾರದ ಕಪ್ಪು ಗೆರೆಯೂ ಕಾಣುತ್ತದೆ. ಸಕ್ಕರೆ ಬಳಸಿ ರಂಧ್ರ ಮಾಡಿದ್ದರೆ ಮಾತ್ರ ಈ ಗುಟ್ಟು ನಡೆಯದು, ಸಕ್ಕರೆಯೂ ಹೊಳೆಯುತ್ತದೆ. ಇನ್ನೊಂದು ವಿಷಯ. ರಂಧ್ರಗಳು ಬೆಳಕನ್ನು ಚದುರಿಸುವುದರಿಂದ ಫೋಮ್ ಹಾಗೇ ಇಟ್ಟರೆ ಎಲ್ಲವೂ ಮಂಜು. ತೆಳುವಾಗಿ ಕೊಯ್ದು, ಪಾಲಿಮರ್ ಅನ್ನು ಕರಗಿಸದ, ಊದಿಸದ ಎಣ್ಣೆಯಲ್ಲಿ ನೆನೆಸಿ ಇಡಿ.

ತೊಳೆದ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಕ್ಲೋರೈಡ್ ಇದೆಯಾ ಅಂತ ಗೊತ್ತಾಗುತ್ತದೆ. ಆದರೆ ಮುಚ್ಚಿದ ರಂಧ್ರದೊಳಗಿನ ಉಪ್ಪು ನೀರಿಗೇ ಬರುವುದಿಲ್ಲ, ಅಲ್ವಾ? ನೀರು ಸ್ವಚ್ಛವಾಗಿ ಬಂತು ಅಂತ ತುಂಡು ಸ್ವಚ್ಛ ಅಂದುಕೊಳ್ಳಬೇಡಿ. ತುಂಡನ್ನೇ ಕತ್ತರಿಸಿ ಮತ್ತೆ ತೊಳೆದು ನೋಡಿ.

ನಿಮ್ಮ ಪಾಲಿಮರ್ ಹರಳುಗಟ್ಟಬಲ್ಲದ್ದೇ ಅನ್ನುವುದನ್ನೂ ಇಲ್ಲೇ ಮುಗಿಸಿಬಿಡಿ. ಲ್ಯಾಕ್ಟೈಡ್ ಮತ್ತು ಗ್ಲೈಕೊಲೈಡ್ ಸಮನಾಗಿ ಬೆರೆತ 50:50 ಪಿಎಲ್‌ಜಿಎ ಹರಳುಗಟ್ಟುವುದಿಲ್ಲ. ಎಲ್ ಮತ್ತು ಡಿ ಎರಡೂ ಗೊತ್ತುಗುರಿಯಿಲ್ಲದೆ ಬೆರೆತಿರುವ ಪಿಡಿಎಲ್‌ಎಲ್‌ಎ ಕೂಡ ಇಲ್ಲ. ಅವುಗಳಲ್ಲಿ ಹರಳು ಕಂಡರೆ ಅದು ಉಪ್ಪು, ಔಷಧಿ, ಬಫರ್ ಅಥವಾ ಬೇರೆ ಬೆರಕೆ. ಪಿಎಲ್‌ಎಯಲ್ಲೂ ಡಿ ಪಾಲು ಸುಮಾರು 10 ಶೇಕಡಾ ದಾಟಿದರೆ ಹರಳು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಡಬ್ಬದ ಮೇಲೆ ಪಿಎಲ್‌ಎ ಅಂತ ಬರೆದಿದ್ದರೆ ಸಾಲದು, ಡಿ ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ. ಡಿ ಪಾಲು 1 ಶೇಕಡಾ ಏರಿದರೆ ಕರಗುವ ತಾಪ ಸುಮಾರು 5 ಡಿಗ್ರಿ ಇಳಿಯುತ್ತದೆ. ಶುದ್ಧ ಪಿಎಲ್‌ಎಲ್‌ಎ 175ರಿಂದ 180ಕ್ಕೆ ಕರಗಿದರೆ, ಮಾಮೂಲಿ ದರ್ಜೆಗಳು 150ರಿಂದ 170ರೊಳಗೇ ಕರಗುವುದು ಇದರಿಂದಲೇ. ಇಲ್ಲಿಂದ ಮುಂದೆ ಡಿಗ್ರಿ ಅಂದರೆ ಎಲ್ಲ ಕಡೆ ಸೆಲ್ಸಿಯಸ್.

ಡಿಎಸ್‌ಸಿಯ ಮೊದಲ ಬಿಸಿಯನ್ನು ಓದುವುದು

ಡಿಎಸ್‌ಸಿ ಅಂದರೆ ಪುಟ್ಟ ತುಂಡನ್ನು ಪ್ಯಾನ್‌ನಲ್ಲಿಟ್ಟು ಬಿಸಿ ಮಾಡುತ್ತಾ, ಅದು ಯಾವ ತಾಪದಲ್ಲಿ ಎಷ್ಟು ಶಾಖ ಹೀರುತ್ತದೆ, ಎಷ್ಟು ಹೊರಹಾಕುತ್ತದೆ ಅಂತ ಗೆರೆಯಾಗಿ ತೋರಿಸುವ ಯಂತ್ರ. ಇಡೀ ಪತ್ತೆ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಇದು. ಅತಿ ಹೆಚ್ಚು ದಾರಿ ತಪ್ಪಿಸಿದ್ದೂ ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ಲಾಸ್ಟಿಕ್ ಕೆಲಸ ಮಾಡಿ ಅಭ್ಯಾಸ ಇದ್ದವರು ಎರಡನೇ ಬಿಸಿಯ ಗೆರೆಯನ್ನೇ ನೋಡುತ್ತಾರೆ, ಮೊದಲನೆಯದನ್ನು ಬಿಸಾಡುತ್ತಾರೆ. ಪಾಲಿಮರ್‌ನ ಮೂಲ ಗುಣ ತಿಳಿಯಲು ಅದು ಸರಿ. ದೋಷ ಹುಡುಕಲು ಅದು ತಪ್ಪು. ಒಮ್ಮೆ ಕರಗಿಸಿದ ಮೇಲೆ ನಿಮ್ಮ ತುಂಡು ಪಟ್ಟ ಪಾಡೆಲ್ಲ ಅಳಿಸಿಹೋಗುತ್ತದೆ. ತಣಿಸಿದ್ದು, ಒಣಗಿಸಿದ್ದು, ಇಟ್ಟದ್ದು, ಎಲ್ಲದರ ಗುರುತು ಇರುವುದು ಮೊದಲ ಬಿಸಿಯಲ್ಲಿ ಮಾತ್ರ. ಎರಡನೆಯದು ಹೋಲಿಸಲು ಬೇಕು, ಅಷ್ಟೆ.

ಫೋಮ್ ತುಂಡನ್ನು ಪ್ಯಾನ್‌ಗೆ ಹಾಕುವುದೇ ಒಂದು ಕೆಲಸ. ಹಗುರ, ಗಾಳಿ ತುಂಬಿದೆ, ಪ್ಯಾನ್‌ನ ತಳಕ್ಕೆ ಸರಿಯಾಗಿ ತಾಗುವುದಿಲ್ಲ. ಹಾಗಂತ ಬಲವಾಗಿ ಅದುಮಿ ಚಪ್ಪಟೆ ಮಾಡಬೇಡಿ, ಎಳೆತದಿಂದಲೇ ಸರಪಳಿಗಳು ಸಾಲುಗೂಡಿ ಫಲಿತಾಂಶ ಬದಲಾಗಬಹುದು. ಹೊಸ ಬ್ಲೇಡಿನಲ್ಲಿ ತೆಳುವಾದ ಬಿಲ್ಲೆ ಕೊಯ್ದು, 3ರಿಂದ 5 ಮಿಲಿಗ್ರಾಂ ತೂಗಿ, ಮುಚ್ಚಳದಿಂದ ಮೆಲ್ಲಗೆ ಒತ್ತಿ ಕೂರಿಸಿ. ಸಿಪ್ಪೆಯಿಂದ ಒಂದು, ನಡುಭಾಗದಿಂದ ಒಂದು, ಬೇರೆ ಬೇರೆ ಪ್ಯಾನ್. ಇಡೀ ತುಂಡಿನ ಸರಾಸರಿ ತೆಗೆದರೆ ದೋಷವೂ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿ ಮಾಡಿದಾಗ ಪಿಎಲ್‌ಎಲ್‌ಎಯಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ಏನಾದರೂ ಕಾಣುತ್ತದೆ.

55ರಿಂದ 65 ಡಿಗ್ರಿ ನಡುವೆ ಗಾಜಿನಂತಿದ್ದ ಪಾಲಿಮರ್ ಮೆತ್ತಗಾಗುತ್ತದೆ. ಇದನ್ನು ಮೆದುಬಿಂದು ಅಂತ ಕರೆಯುತ್ತೇನೆ, ಗ್ಲಾಸ್ ಟ್ರಾನ್ಸಿಷನ್ ಅನ್ನುವುದು ಇದನ್ನೇ. ಕೆಲವು ವಾರ ಕೋಣೆಯಲ್ಲಿಟ್ಟ ತುಂಡಿನಲ್ಲಿ ಈ ಜಾಗದಲ್ಲೇ ಒಂದು ಚೂಪಾದ, ಶಾಖ ಹೀರುವ ಶಿಖರ ಬರುತ್ತದೆ. ಅದು ಹರಳು ಕರಗಿದ್ದಲ್ಲ. ಹಾಗೇ ಕೂತ ಅಮಾರ್ಫಸ್ ಭಾಗ ನಿಧಾನವಾಗಿ ಒತ್ತಾಗಿ ಸೇರಿಕೊಂಡದ್ದರ ಗುರುತು. ಇನ್ನೂ ಗೊಂದಲ ಆಗುವುದು ಪಿಎಲ್‌ಎ ಜೊತೆ ಪಿಸಿಎಲ್ ಬೆರೆಸಿದಾಗ, ಯಾಕಂದರೆ ಪಿಸಿಎಲ್ ಹರಳು ಕರಗುವುದೂ ಸರಿಯಾಗಿ 60ರ ಹತ್ತಿರ. ಬಿಡಿಸುವುದು ಸುಲಭ. ತಣಿಸಿ ಮತ್ತೆ ಬಿಸಿ ಮಾಡಿ. ಪಿಸಿಎಲ್ ಶಿಖರ ಮತ್ತೆ ಬರುತ್ತದೆ, ವಯಸ್ಸಿನ ಶಿಖರ ಮಾಯವಾಗುತ್ತದೆ. ಮೆತ್ತಗಾದ ಗೋಡೆ ಪ್ಯಾನ್‌ನೊಳಗೇ ಕುಸಿದು ಬಿದ್ದಾಗಲೂ ಗೆರೆ ಒಮ್ಮೆ ಜಿಗಿಯುವುದುಂಟು, ಅದನ್ನೂ ಶಿಖರ ಅಂತ ಎಣಿಸಬೇಡಿ.

80ರಿಂದ 130ರ ನಡುವೆ ಶಾಖ ಹೊರಹಾಕುವ ಉಬ್ಬು. ಇದು ಬಿಸಿ ಮಾಡುವಾಗಲೇ ಕಟ್ಟಿದ ಹೊಸ ಹರಳು. ಅಂದರೆ ನಿಮ್ಮ ತುಂಡಿನಲ್ಲಿ ಇದು ಇರಲಿಲ್ಲ! ಇದನ್ನು ಕಳೆಯದೆ ಲೆಕ್ಕ ಹಾಕುವುದು ನಾನು ಅತಿ ಹೆಚ್ಚು ಸಲ ನೋಡಿದ ತಪ್ಪು.

ಕರಗುವ ಮುಂಚೆ, 150-160ರ ಹತ್ತಿರ, ಇನ್ನೊಂದು ಪುಟ್ಟ ಉಬ್ಬು. 100-110 ಡಿಗ್ರಿಗಿಂತ ಕೆಳಗೆ ಕಟ್ಟಿದ ಹರಳು ಸಡಿಲವಾದದ್ದು, ಆಲ್ಫಾ ಪ್ರೈಮ್ ಅನ್ನುತ್ತಾರೆ. ಅದು ಬಿಸಿಯಲ್ಲಿ ಬಿಗಿಯಾದ ಆಲ್ಫಾ ಹರಳಾಗಿ ಬದಲಾಗುವಾಗ ಈ ಉಬ್ಬು ಬರುತ್ತದೆ. ಇದು ಕಂಡರೆ ಒಂದು ಸುಳಿವು ಸಿಕ್ಕಂತೆ. ನಿಮ್ಮ ತುಂಡಿನ ಹರಳು ತಂಪಿನಲ್ಲೇ ಕಟ್ಟಿದೆ.

ಕೊನೆಗೆ ಕರಗುವ ಶಿಖರ.

ಲೆಕ್ಕ ಹೀಗೆ. ಕರಗುವ ಶಿಖರದ ಶಾಖದಿಂದ ಹೊಸ ಹರಳಿನ ಉಬ್ಬಿನ ಶಾಖ ಕಳೆಯಿರಿ. ಅದನ್ನು ಪೂರ್ತಿ ಹರಳಾದ ಪಿಎಲ್‌ಎಲ್‌ಎಗೆ ಎಲ್ಲರೂ ಬಳಸುವ ಸಂಖ್ಯೆಯಾದ ಗ್ರಾಂಗೆ 93 ಜೂಲ್‌ನಿಂದ ಭಾಗಿಸಿ. ಪಿಸಿಎಲ್‌ಗೆ ಸಾಮಾನ್ಯವಾಗಿ ಹಿಡಿಯುವುದು 139.5. ಉದಾಹರಣೆಗೆ ಕರಗುವಾಗ 38, ಉಬ್ಬಿನಲ್ಲಿ 29 ಬಂತು ಅನ್ನಿ. ಕಳೆಯದೆ ಲೆಕ್ಕ ಹಾಕಿದರೆ 41 ಶೇಕಡಾ ಹರಳು. ಕಳೆದರೆ ಉಳಿಯುವುದು 9 ಜೂಲ್, ಅಂದರೆ 10 ಶೇಕಡಾ ಕೂಡ ಇಲ್ಲ. ಒಂದು ಲೆಕ್ಕ ಹರಳು ಜಾಸ್ತಿ ಅನ್ನುತ್ತದೆ, ಇನ್ನೊಂದು ಸಾಲದು ಅನ್ನುತ್ತದೆ. ಪರಿಹಾರವೂ ಅದೇ ತರಹ ಎದುರು ದಿಕ್ಕಿನದು.

ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜದ ಪುಡಿ) ಅಥವಾ ಟಾಲ್ಕ್ ಬೆರೆಸಿದ್ದರೆ ಪಾಲಿಮರ್‌ನ ಪಾಲಿನಿಂದ ಮತ್ತೆ ಭಾಗಿಸಬೇಕು. 30 ಶೇಕಡಾ ಪುಡಿ ಇದ್ದರೆ 0.7ರಿಂದ. ಒಳಗೆ ಸಿಕ್ಕಿಕೊಂಡ ಉಪ್ಪೂ ತೂಕಕ್ಕೆ ಸೇರುತ್ತದೆ. ಅದು ಪಾಲಿಮರ್ ಹರಳೇನಾ ಅನ್ನುವ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟದ್ದು ಇದಕ್ಕೇ.

ಕುಸಿದ, ಕುಗ್ಗಿದ ತುಂಡು: ಹರಳು ತಡವಾಗಿ ಬಂತು

ರಂಧ್ರ ಚೆನ್ನಾಗಿ ಮೂಡಿತ್ತು, ಆಮೇಲೆ ಯಾವುದೋ ಹಂತದಲ್ಲಿ ಮುಚ್ಚಿಕೊಂಡಿತು. ಪಿಎಲ್‌ಎಯಲ್ಲಿ ಇದಕ್ಕೆ ಕಾರಣ ಹುಡುಕಲು 60 ಡಿಗ್ರಿಯನ್ನು ನೆನಪಿಡಿ. ಹರಳು ಅತಿ ವೇಗವಾಗಿ ಕಟ್ಟುವುದು 100ರಿಂದ 110ರಲ್ಲಿ. ಗೋಡೆ ಮೆತ್ತಗಾಗುವುದು 60ರಲ್ಲಿ. ಈ ಎರಡರ ನಡುವೆ ಹಿಡಿದುಕೊಳ್ಳಲು ಹರಳೂ ಇಲ್ಲ, ಬಿಗಿಯೂ ಇಲ್ಲ. ಮೇಲ್ಮೈ ಸೆಳೆತ ಪುಟ್ಟ ರಂಧ್ರಗಳನ್ನು ಮೊದಲು ನುಂಗುತ್ತದೆ.

ಜನ ಈ ಗಡಿಯನ್ನು ಗೊತ್ತಿಲ್ಲದೇ ದಾಟುವ ಜಾಗ ಮೂರು. ಉಪ್ಪು ಬೇಗ ಕರಗಲಿ ಅಂತ ಬಿಸಿ ನೀರು ಬಳಸುವುದು ಒಂದು. ದ್ರಾವಕ ಬೇಗ ಹೋಗಲಿ ಅಂತ ನಿರ್ವಾತ ಒಲೆಯನ್ನು ಶುರುವಿನಿಂದಲೇ 60ಕ್ಕೆ ಇಡುವುದು ಇನ್ನೊಂದು. ಈ ಎರಡನೆಯದು ಹೆಚ್ಚು ಮೋಸಗಾರ. ಒಳಗೆ ಉಳಿದ ದ್ರಾವಕವೇ ಪಾಲಿಮರ್ ಅನ್ನು ಮೆದುಮಾಡುತ್ತದೆ, ಮೆದುಬಿಂದು 60ರಿಂದ ಸಲೀಸಾಗಿ ಕೆಳಗಿಳಿದಿರುತ್ತದೆ. ನೀವು 45ಕ್ಕೆ ಇಟ್ಟಿದ್ದರೂ ಒಳಗಿನ ಗೋಡೆಗೆ ಅದು ಮೆದುಬಿಂದುವಿಗಿಂತ ಮೇಲೆಯೇ ಆಗಿರಬಹುದು. ಮೊದಲ ದಿನ ಕೋಣೆಯ ತಾಪದಲ್ಲೇ ನಿರ್ವಾತ ಕೊಡಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ 40ರವರೆಗೆ ಏರಿಸಿ. ದಿನಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಿರುವವರೆಗೂ ತುಂಡು ಒಣಗಿಲ್ಲ ಅಂತಲೇ ಅರ್ಥ. ಮೂರನೆಯ ಜಾಗ ಅನೀಲಿಂಗ್, ಅಂದರೆ ಹರಳು ಹೆಚ್ಚಿಸಲು ಬೇಕಂತಲೇ ಬಿಸಿಯಲ್ಲಿ ಇಡುವುದು.

ಅನೀಲಿಂಗ್‌ನ ತೊಂದರೆಗೆ ಒಂದು ಸೊಗಸಾದ ಪರಿಹಾರವಿದೆ. ಉಪ್ಪನ್ನು ತೆಗೆಯುವ ಮುಂಚೆಯೇ ಅನೀಲ್ ಮಾಡಿ. 1994ರಲ್ಲಿ ಮಿಕೋಸ್ ಮತ್ತು ಸಂಗಡಿಗರು ಪಿಎಲ್‌ಎಲ್‌ಎ ಫೋಮ್‌ಗಳ ಹರಳಿನ ಪ್ರಮಾಣವನ್ನು ಹೀಗೇ ಹಿಡಿತಕ್ಕೆ ತಂದರು. ಉಪ್ಪು ಒಳಗಿರುವಾಗಲೇ ಪಾಲಿಮರ್ ಅನ್ನು ಕರಗುವ ತಾಪಕ್ಕಿಂತ ಮೇಲೆ ಬಿಸಿ ಮಾಡಿ, ಬೇಕಾದ ವೇಗದಲ್ಲಿ ತಣಿಸಿ, ಆಮೇಲೆ ಉಪ್ಪು ತೊಳೆದರು. ಉಪ್ಪು ಕರಗುವುದು 801 ಡಿಗ್ರಿಗೆ, ಹಾಗಾಗಿ ಅದು ಅಚ್ಚಿನ ಹಾಗೆ ಗಟ್ಟಿಯಾಗಿ ನಿಂತು ರಂಧ್ರದ ಆಕಾರ ಕಾಯುತ್ತದೆ. ನಿಧಾನ ತಣಿಸಿದರೆ ಹರಳು ಜಾಸ್ತಿ, ತಟ್ಟನೆ ತಣಿಸಿದರೆ ಕಡಿಮೆ. ರಂಧ್ರ ಮಾತ್ರ ಎರಡರಲ್ಲೂ ಹಾಗೇ. ಮೊದಲ ಸಲ ಇದನ್ನು ಮಾಡಿ ನೋಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ರಂಧ್ರ ಮತ್ತು ಹರಳು ಎರಡನ್ನೂ ಬೇರೆ ಬೇರೆಯಾಗಿ ತಿದ್ದಲು ಸಿಗುವ ದಾರಿಗಳು ತುಂಬಾ ಕಡಿಮೆ.

ಉಪ್ಪಿಲ್ಲದ ವಿಧಾನಗಳಲ್ಲಿ ಇದು ಆಗದು. ಅಲ್ಲಿ ಮೆದುಬಿಂದುವಿಗೆ ಸ್ವಲ್ಪ ಮೇಲೆ, 70ರ ಆಸುಪಾಸಿನಲ್ಲಿ, ಮೊದಲು ಕೆಲವು ಗಂಟೆ ನಿಲ್ಲಿಸಿ ನೋಡಿ. ಹರಳು ಅಲ್ಲಿ ನಿಧಾನ ಬೆಳೆಯುತ್ತದೆ, ಆದರೆ ಬೀಜಗಳು, ಅಂದರೆ ಹರಳು ಬೆಳೆಯಲು ಶುರುವಾಗುವ ಪುಟ್ಟ ಚುಕ್ಕೆಗಳು, ಮೂಡುತ್ತವೆ. ಆಮೇಲೆ 100ರ ಕಡೆಗೆ ಏರಿಸಿದರೆ ಗೋಡೆ ಬೇಗ ಬಿಗಿಯುತ್ತದೆ. ಒಂದು ತುಂಡಿನಲ್ಲಿ ಪರೀಕ್ಷೆ ಮಾಡಿ ಅಳತೆ ತೆಗೆಯದೆ ಇಡೀ ತಟ್ಟೆಯನ್ನು ಒಳಗಿಡಬೇಡಿ.

ಸಣ್ಣ ರಂಧ್ರ, ದೊಡ್ಡ ರಂಧ್ರ ಬೆರೆತಿವೆ: ಹರಳು ಬೇಗ ಬಂತು

ಒತ್ತಡದ ಇಂಗಾಲದ ಡೈಆಕ್ಸೈಡ್‌ನಿಂದ ಊದಿಸುವವರ ದೂರು ಇದು. ಒಂದು ಕಡೆ ನೊರೆ ಚೆನ್ನಾಗಿ ಎದ್ದಿದೆ, ಪಕ್ಕದಲ್ಲೇ ಊದದ ಬಿಳಿ ಗಂಟು. ಅನಿಲದ ಒತ್ತಡ ಸಾಲದು ಅಂತ ಏರಿಸುತ್ತಾರೆ, ಗಂಟು ಇನ್ನೂ ಹೆಚ್ಚುತ್ತದೆ.

ಇಂಗಾಲದ ಡೈಆಕ್ಸೈಡ್ ಬರೀ ಊದಿಸುವ ಅನಿಲ ಅಲ್ಲ. ಪಿಎಲ್‌ಎಯೊಳಗೆ ಕರಗಿ ಅದನ್ನು ಚೆನ್ನಾಗಿ ಮೆದುಮಾಡುತ್ತದೆ. ಸರಪಳಿಗಳಿಗೆ ಓಡಾಡಲು ಜಾಗ ಸಿಗುತ್ತದೆ, ಬಿಸಿಯಿಲ್ಲದೆಯೇ ಹರಳು ಕಟ್ಟಲು ಶುರುವಾಗುತ್ತದೆ. ಆದರೆ ಹರಳಿನೊಳಗೆ ಅನಿಲ ಕರಗುವುದಿಲ್ಲ. ಹರಳು ಕಟ್ಟಿದ ಕಡೆಯಿಂದ ಅನಿಲ ಹೊರಗೆ ತಳ್ಳಲ್ಪಟ್ಟು ಪಕ್ಕದ ಮೆತ್ತನೆ ಭಾಗದಲ್ಲಿ ಸೇರುತ್ತದೆ. ಒತ್ತಡ ಬಿಟ್ಟಾಗ ಅಲ್ಲಿ ದೊಡ್ಡ ಗುಳ್ಳೆ, ಇಲ್ಲಿ ಏನೂ ಇಲ್ಲ. ಹಾಗಂತ ಹರಳು ಬೇಡವೇ ಬೇಡ ಅಂತಲ್ಲ. ಪುಟ್ಟ ಹರಳುಗಳು ಹದವಾಗಿ ಹರಡಿದ್ದರೆ ಅವುಗಳ ಅಂಚಿನಲ್ಲೇ ಗುಳ್ಳೆ ಹುಟ್ಟುತ್ತದೆ, ನೊರೆ ಸಣ್ಣಗೆ ಸಮನಾಗಿ ಬರುತ್ತದೆ. ಗೋಡೆಗೂ ಬಲ.

ಪತ್ತೆ ಹಚ್ಚಲು ಅನಿಲದಲ್ಲಿ ನೆನೆಸುವ ಸಮಯವನ್ನು ಮಾತ್ರ ಬದಲಿಸಿ ಮೂರು ತುಂಡು ಮಾಡಿ. ಸಮಯ ಜಾಸ್ತಿಯಾದಂತೆ ಊದುವುದು ಕಡಿಮೆಯಾದರೆ ತಪ್ಪು ಹರಳಿನದು. ಅನಿಲ ಸಾಲದಿದ್ದಿದ್ದರೆ ಎದುರು ದಿಕ್ಕಿಗೆ ಹೋಗಬೇಕಿತ್ತು. ಹರಳೇ ಕಾರಣ ಅಂತಾದರೆ ಸಮಯ ಕಡಿಮೆ ಮಾಡಿ, ಇಲ್ಲವೇ ಡಿ ಪಾಲು ಸ್ವಲ್ಪ ಹೆಚ್ಚಿರುವ ದರ್ಜೆಗೆ ಬದಲಾಯಿಸಿ. ಹಳೆಯ ಹರಳಿನ ನೆನಪು ಉಳಿಯದಂತೆ ಮೊದಲು ಪೂರ್ತಿ ಕರಗಿಸಿ, 190-200ರಲ್ಲಿ ಕೆಲವೇ ನಿಮಿಷ ಇಟ್ಟು, ಆಮೇಲೆ ಊದಿಸುವ ತಾಪಕ್ಕೆ ಇಳಿಸುವುದೂ ಒಂದು ದಾರಿ. ಅಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಸರಪಳಿ ತುಂಡಾಗುತ್ತದೆ.

ಹೆಪ್ಪುಗಟ್ಟಿಸಿ ಒಣಗಿಸುವಾಗ ಎರಡು ಬಗೆಯ ಹರಳು

ಡಯಾಕ್ಸೇನ್‌ನಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುವ ವಿಧಾನದಲ್ಲಿ ಹರಳು ಅನ್ನುವ ಮಾತನ್ನು ಎಚ್ಚರದಿಂದ ಬಳಸಬೇಕು. ಡಯಾಕ್ಸೇನ್ 12 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಆ ದ್ರಾವಕದ ಹರಳು ರಂಧ್ರದ ಅಚ್ಚಾಗುತ್ತದೆ. ಪಾಲಿಮರ್ ಹರಳು ಗೋಡೆಯೊಳಗಿನದು. ಕೊಯ್ದಾಗ ಏಣಿ ಮೆಟ್ಟಿಲಿನಂತೆ ಸಾಲಾಗಿ ಉದ್ದುದ್ದ ರಂಧ್ರ ಕಂಡರೆ ಅದು ದ್ರಾವಕದ ಹರಳು ತಂಪು ಬಂದ ದಿಕ್ಕಿನಲ್ಲಿ ಬೆಳೆದದ್ದರ ಗುರುತು. ಅದನ್ನು ತಿದ್ದಲು ತಂಪು ಯಾವ ಕಡೆಯಿಂದ, ಎಷ್ಟು ವೇಗದಲ್ಲಿ ಬರುತ್ತದೆ ಅನ್ನುವುದನ್ನು ಬದಲಿಸಬೇಕು. ಟಾಲ್ಕ್ ಹಾಕಿ ಉಪಯೋಗವಿಲ್ಲ.

ಡಯಾಕ್ಸೇನ್‌ಗೆ ನೀರು ಬೆರೆಸಿದರೆ ಕಥೆ ಬದಲಾಗುತ್ತದೆ. ತೂಕದಲ್ಲಿ 87ಕ್ಕೆ 13ರ ಬೆರಕೆ ತುಂಬಾ ಜನ ಬಳಸುವಂಥದ್ದು. ತಣಿಸಿದಾಗ ದ್ರಾವಣ ಮೊದಲು ಪಾಲಿಮರ್ ಹೆಚ್ಚಿರುವ, ಕಡಿಮೆ ಇರುವ ಎರಡು ದ್ರವಗಳಾಗಿ ಒಡೆಯುತ್ತದೆ, ರಂಧ್ರ ಅಲ್ಲಿಂದ ಬರುತ್ತದೆ. ಈ ಹಂತದಲ್ಲಿ ಪಿಎಲ್‌ಎಲ್‌ಎ ಹರಳುಗಟ್ಟಿ ಇಡೀ ದ್ರಾವಣ ಜೆಲ್ ಆದರೆ ರಂಧ್ರ ಆ ಗಾತ್ರದಲ್ಲೇ ನಿಂತುಬಿಡುತ್ತದೆ. ತಡವಾದರೆ ಹನಿಗಳು ಕೂಡಿಕೊಂಡು ದೊಡ್ಡದಾಗುತ್ತವೆ. ಒಂದೇ ದ್ರಾವಣ, ಒಂದೇ ತಾಪ, ಆದರೂ ಒಂದು ಬಾಟಲಿಯಲ್ಲಿ ಸಣ್ಣ ರಂಧ್ರ, ಇನ್ನೊಂದರಲ್ಲಿ ದೊಡ್ಡದು ಬಂದರೆ ಜೆಲ್ ಆಗಲು ತೆಗೆದುಕೊಂಡ ನಿಮಿಷಗಳನ್ನು ಬರೆದಿಡಲು ಶುರುಮಾಡಿ. ಬಾಟಲಿ ಓರೆ ಮಾಡಿದಾಗ ಹರಿಯುವುದು ಯಾವಾಗ ನಿಂತಿತು ಅಂತ ನೋಡಿದರೆ ಸಾಕು.

ಒಣಗಿಸುವ ಯಂತ್ರದ ತಟ್ಟೆ ಬೇಗ ಬಿಸಿಯಾದರೂ ಕೆಡುತ್ತದೆ. ಇನ್ನೂ ಉಳಿದ ಡಯಾಕ್ಸೇನ್ ಕರಗಿ ಗೋಡೆಯನ್ನು ಮತ್ತೆ ನೆನೆಸುತ್ತದೆ. ತಳಭಾಗ ಮಾತ್ರ ಚರ್ಮದಂತೆ ಗಟ್ಟಿಯಾಗಿದ್ದರೆ ಅದೇ ಕಾರಣ ಅಂತ ಮೊದಲು ಅನುಮಾನಿಸಿ.

ಪುಡಿಯಾಗುವ ತುಂಡು

ಹರಳಿನ ಪ್ರಮಾಣ ಜಾಸ್ತಿ ಅಂತಲೇ ಪುಡಿಯಾಗಬೇಕಿಲ್ಲ. 40 ಶೇಕಡಾ ಹರಳು ಸಾವಿರಾರು ಪುಟ್ಟ ಗುಚ್ಛಗಳಲ್ಲಿ ಹಂಚಿಹೋಗಿದ್ದರೆ ಗೋಡೆ ತಾಳಿಕೊಳ್ಳುತ್ತದೆ. ಅಷ್ಟೇ ಹರಳು ಕೆಲವೇ ದೊಡ್ಡ ಗುಚ್ಛಗಳಲ್ಲಿದ್ದರೆ, ಒಂದೊಂದು ಗುಚ್ಛವೂ ಗೋಡೆಯ ದಪ್ಪಕ್ಕಿಂತ ಅಗಲವಾಗಿ, ಅವು ಸೇರುವ ಗೆರೆಯಲ್ಲೇ ಬಿರುಕು ಓಡುತ್ತದೆ. ಶುದ್ಧ ಪಿಎಚ್‌ಬಿಯಲ್ಲಿ ಇದು ಎದ್ದು ಕಾಣುತ್ತದೆ. ಬೀಜಗಳು ಕಡಿಮೆ, ಗುಚ್ಛಗಳು ದೊಡ್ಡವು. ಇಲ್ಲಿ ಬೇಕಾಗಿರುವುದು ಹರಳು ಕಡಿಮೆ ಮಾಡುವುದಲ್ಲ, ಬೀಜ ಹೆಚ್ಚಿಸುವುದು.

ಪಿಎಲ್‌ಎಗೆ 1 ಶೇಕಡಾ ಸಣ್ಣ ಟಾಲ್ಕ್ ಚೆನ್ನಾಗಿ ಕೆಲಸ ಮಾಡುತ್ತದೆ, ಪಿಎಚ್‌ಬಿಗೆ ಬೋರಾನ್ ನೈಟ್ರೈಡ್ ಹಳೆಯ ಆಯ್ಕೆ. ದೇಹದೊಳಗೆ ಹೋಗುವ ವಸ್ತುವಿಗೆ ಟಾಲ್ಕ್ ಹಾಕಲು ನನಗಂತೂ ಮನಸ್ಸು ಒಪ್ಪುವುದಿಲ್ಲ, ಪಾಲಿಮರ್ ಕರಗಿದ ಮೇಲೂ ಅದು ಅಲ್ಲೇ ಉಳಿಯುತ್ತದೆ. ಅಂಥ ಕಡೆ ಕೆಲವು ಶೇಕಡಾ ಪಿಡಿಎಲ್‌ಎ (ಡಿ ರೂಪ ಮಾತ್ರ ಇರುವ ಪಿಎಲ್‌ಎ) ಬೆರೆಸುವುದು ಒಳ್ಳೆಯದು. ಇಕಾಡಾ ಮತ್ತು ಸಂಗಡಿಗರು 1987ರಲ್ಲಿ ವರದಿ ಮಾಡಿದ ಸ್ಟೀರಿಯೋಕಾಂಪ್ಲೆಕ್ಸ್ ಹರಳು 220-230 ಡಿಗ್ರಿವರೆಗೂ ಕರಗುವುದಿಲ್ಲ. ಹಾಗಾಗಿ ಉಳಿದ ಪಿಎಲ್‌ಎಲ್‌ಎ ಕರಗಿದಾಗಲೂ ಅದು ಬೀಜವಾಗಿ ನಿಂತಿರುತ್ತದೆ. ಪುಡಿಯೂ ಬೇಡ, ಅದೇ ಪಾಲಿಮರ್. ದ್ರಾವಣದಲ್ಲಿ ಬೆರೆಸುವಾಗ ಮಾತ್ರ ಬೇಗ ಕೆಲಸ ಮುಗಿಸಿ, ಹಾಗೇ ಬಿಟ್ಟರೆ ಗಂಟುಗಟ್ಟುತ್ತದೆ.

ಪುಡಿಯಾಗಲು ಇನ್ನೊಂದು ಕಾರಣ ಸರಪಳಿ ತುಂಡಾಗಿರುವುದು. ಇದು ಹರಳಿನ ವೇಷದಲ್ಲಿ ಬರುತ್ತದೆ, ಯಾಕಂದರೆ ಗಿಡ್ಡ ಸರಪಳಿ ಬೇಗ ಹರಳುಗಟ್ಟುತ್ತದೆ. ಡಿಎಸ್‌ಸಿಯಲ್ಲಿ ಹರಳು ಹೆಚ್ಚಿದ್ದು ಕಾಣುತ್ತದೆ, ನೀವು ಹರಳನ್ನು ಬೈಯುತ್ತೀರಿ. ಕರಗಿಸಿ ಕೆಲಸ ಮಾಡುವ ಮುಂಚೆ ಪಿಎಲ್‌ಎಯ ತೇವ 0.025 ಶೇಕಡಾಕ್ಕಿಂತ ಕೆಳಗಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಬಿಸಿಯಲ್ಲಿ ನೀರೇ ಸರಪಳಿಯನ್ನು ಕತ್ತರಿಸುತ್ತದೆ. ಕಚ್ಚಾ ವಸ್ತು ಮತ್ತು ಮುಗಿದ ತುಂಡು, ಎರಡರ ದ್ರಾವಣದ ಸ್ನಿಗ್ಧತೆ ಅಳೆದು ಹೋಲಿಸಿ. ತುಂಬಾ ಇಳಿದಿದ್ದರೆ ಹರಳಿನ ವಿಷಯ ಅಲ್ಲಿಗೆ ಬಿಡಿ, ಒಣಗಿಸುವುದನ್ನು ಸರಿಮಾಡಿ.

ಸಿಪ್ಪೆ ಮತ್ತು ನಡುಭಾಗ ಬೇರೆಯಾಗಿದ್ದರೆ ಹೆಚ್ಚು ಹುಡುಕಬೇಕಿಲ್ಲ. ಫೋಮ್ ಶಾಖ ಸಾಗಿಸುವುದಿಲ್ಲ, ನಡುಭಾಗ ನಿಧಾನ ತಣಿಯುತ್ತದೆ, ಹರಳು ಅಲ್ಲಿ ಜಾಸ್ತಿ ಕಟ್ಟುತ್ತದೆ. ತುಂಡು ತೆಳು ಮಾಡಿ, ಅಥವಾ ಬೀಜ ಹೆಚ್ಚಿಸಿ ಇಡೀ ತುಂಡು ಬೇಗ ಹರಳುಗಟ್ಟುವಂತೆ ಮಾಡಿ.

ಇಟ್ಟಲ್ಲೇ ಬದಲಾಗುವ ತುಂಡು

ಮಾಡಿದ ದಿನ ಸರಿಯಿತ್ತು, ತಿಂಗಳ ಮೇಲೆ ಗಟ್ಟಿಯಾಗಿದೆ. ಪಿಸಿಎಲ್ ಮತ್ತು ಪಿಎಚ್‌ಬಿಯಲ್ಲಿ ಇದು ಸಹಜ. ಪಿಸಿಎಲ್‌ನ ಮೆದುಬಿಂದು ಸೊನ್ನೆಗಿಂತ 60 ಡಿಗ್ರಿ ಕೆಳಗೆ, ಪಿಎಚ್‌ಬಿಯದು ಸೊನ್ನೆಯ ಹತ್ತಿರ. ಕೋಣೆಯಲ್ಲಿ ಇವುಗಳ ಸರಪಳಿ ಎಂದೂ ಪೂರ್ತಿ ನಿಂತಿರುವುದಿಲ್ಲ, ಹರಳು ನಿಧಾನವಾಗಿ ಕಟ್ಟುತ್ತಲೇ ಇರುತ್ತದೆ. ಹಾಗಾಗಿ ಅಳತೆಯ ದಿನವನ್ನು ನಿಗದಿ ಮಾಡಿ. ಕೆಲವು ತುಂಡು ಮೂರನೇ ದಿನ, ಕೆಲವು ಮೂವತ್ತನೇ ದಿನ ಅಂತ ಅಳೆದು ಹೋಲಿಸಿದರೆ ಬರೀ ವಯಸ್ಸನ್ನು ಹೋಲಿಸಿದಂತೆ.

ಪಿಎಲ್‌ಎ ಕೋಣೆಯಲ್ಲಿ ಹರಳುಗಟ್ಟಬಾರದು. ಗಟ್ಟಿದರೆ ದ್ರಾವಕ ಉಳಿದಿದೆ, ಇಲ್ಲವೇ ಯಾರೋ ಅದಕ್ಕೆ ಏನೋ ಮಾಡಿದ್ದಾರೆ. ಆ ಏನೋ ಬಹಳ ಸಲ ಕ್ರಿಮಿಶುದ್ಧಿ ಆಗಿರುತ್ತದೆ. 121 ಡಿಗ್ರಿಯ ಆಟೋಕ್ಲೇವ್ ಪಿಎಲ್‌ಎ ಫೋಮ್‌ಗೆ ಆಗದು. ಹರಳುಗಟ್ಟುವ ತಾಪವೂ ಅದೇ, ಸರಪಳಿ ಕತ್ತರಿಸುವ ಹಬೆಯೂ ಜೊತೆಗೆ. ಎಥನಾಲ್‌ನಲ್ಲಿ ಬಹಳ ಹೊತ್ತು ನೆನೆಸಿದರೆ ಅದೂ ಮೆದುಮಾಡಿ ಕುಗ್ಗಿಸಬಹುದು. ಎಥಿಲೀನ್ ಆಕ್ಸೈಡ್‌ನಲ್ಲಿ ತೇವ ಮತ್ತು ಬೆಚ್ಚಗಿನ ತಾಪ ಎರಡೂ ಇರುತ್ತವೆ, ತಾಪ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. 25 ಕಿಲೋಗ್ರೇ ಗಾಮಾ ಕಿರಣ ಆಕಾರ ಕೆಡಿಸುವುದಿಲ್ಲ, ಆದರೆ ಸರಪಳಿ ಗಿಡ್ಡವಾಗುತ್ತದೆ. ಕ್ರಿಮಿಶುದ್ಧಿಗೆ ಮುಂಚೆ ಮತ್ತು ಆಮೇಲೆ ಒಂದೊಂದು ಡಿಎಸ್‌ಸಿ ತೆಗೆದಿಡುವುದನ್ನು ತಪ್ಪಿಸಬೇಡಿ.

ಕರಗಬೇಕಾದದ್ದು ಕರಗುತ್ತಿಲ್ಲ

ನೀರಿನಲ್ಲಿಟ್ಟ ತುಂಡಿನ ಹರಳಿನ ಪ್ರಮಾಣ ವಾರ ವಾರಕ್ಕೂ ಏರಿದರೆ ಗಾಬರಿಯಾಗಬೇಡಿ. ನೀರು ಮೊದಲು ಅಮಾರ್ಫಸ್ ಭಾಗವನ್ನು ತಿನ್ನುತ್ತದೆ, ಹರಳು ಉಳಿಯುತ್ತದೆ. ತುಂಡಾದ ಸರಪಳಿಗಳೂ ಹರಳಿಗೆ ಸೇರಿಕೊಳ್ಳುತ್ತವೆ. ಇದು ಕರಗುವ ದಾರಿಯೇ.

ಗಾಬರಿಯಾಗಬೇಕಾದದ್ದು ಕೊನೆಯಲ್ಲಿ ಉಳಿಯುವ ಚೂರುಗಳ ಬಗ್ಗೆ. 1995ರಲ್ಲಿ ಬರ್ಗ್ಸ್‌ಮಾ ಮತ್ತು ಸಂಗಡಿಗರು ಕೆನ್ನೆಮೂಳೆ ಮುರಿತಕ್ಕೆ ಪಿಎಲ್‌ಎಲ್‌ಎ ಪಟ್ಟಿ, ಸ್ಕ್ರೂ ಹಾಕಿಸಿಕೊಂಡವರ ಬಗ್ಗೆ ಬರೆದರು. ಮೂರು ವರ್ಷ ಕಳೆದ ಮೇಲೆ ಆ ಜಾಗ ಊದಿಕೊಂಡಿತ್ತು. ಐದು ವರ್ಷ ದಾಟಿದರೂ ಹರಳಿನ ಚೂರುಗಳು ಅಂಗಾಂಶದಲ್ಲಿ ಸಿಕ್ಕವು. ಅವು ಗಟ್ಟಿ ಪಟ್ಟಿಗಳು, ರಂಧ್ರದ ಫೋಮ್‌ನಲ್ಲಿ ವಸ್ತುವೇ ಕಡಿಮೆ. ಆದರೂ ಗೋಡೆಯಲ್ಲಿ ಹರಳು ಕೂಡಿಸುವಾಗ ಆ ರೋಗಿಗಳು ನನಗೆ ನೆನಪಾಗುತ್ತಾರೆ. ರಂಧ್ರ ಕುಸಿಯದಿರಲು ಎಷ್ಟು ಹರಳು ಬೇಕೋ ಅಷ್ಟರಲ್ಲಿ ನಿಲ್ಲಿಸಿ. ತುಂಡು ಇನ್ನೂ ಬೇಗ ಕರಗಬೇಕಿದ್ದರೆ ಅನೀಲಿಂಗ್ ಕಡಿಮೆ ಮಾಡಿ ಸುಮ್ನೆ ಹೆಣಗಾಡಬೇಡಿ, ಡಿ ಪಾಲು ಅಥವಾ ಗ್ಲೈಕೊಲೈಡ್ ಪಾಲು ಹೆಚ್ಚಿರುವ ಪಾಲಿಮರ್‌ಗೆ ಬದಲಾಯಿಸಿ.

ಮುಂದಿನ ಸಲ ತುಂಡು ಮಾಡುವಾಗ ಒಂದೇ ಪಾಕದಿಂದ ನಾಲ್ಕನ್ನು ಹೆಚ್ಚು ಮಾಡಿ. ಒಂದನ್ನು ರಂಧ್ರ ಮೂಡಿದ ಕೂಡಲೇ ತೆಗೆಯಿರಿ, ಒಂದನ್ನು ತೊಳೆದ ಮೇಲೆ, ಒಂದನ್ನು ಒಣಗಿದ ಮೇಲೆ, ಒಂದನ್ನು ಕ್ರಿಮಿಶುದ್ಧಿ ಆದ ಮೇಲೆ. ಮೊದಲ ಮೂರನ್ನು ತಂಪಿನಲ್ಲಿಟ್ಟು, ನಾಲ್ಕಕ್ಕೂ ಒಂದೇ ದಿನ ಡಿಎಸ್‌ಸಿಯ ಮೊದಲ ಬಿಸಿ ಕೊಡಿ. ಗೆರೆ ಯಾವ ಎರಡು ತುಂಡುಗಳ ನಡುವೆ ಬದಲಾಯಿತೋ ದೋಷ ಆ ಹಂತದಲ್ಲಿದೆ.